ಶಿರೂರು ಮಠದ ಕೀಲಿಕೈ: ಪರ್ಯಾಯದ ಸಾಲದಿಂದ ಸುಪ್ರೀಂ ಕೋರ್ಟಿನವರೆಗೆ

ಉಡುಪಿಯ ಕೃಷ್ಣ ಮಠದ ಪೂಜೆ ಎಂಟು ಮಠಗಳಿಗೆ ಸರದಿಯಲ್ಲಿ ಬರುತ್ತದೆ, ಆ ಸರದಿಯೇ ಪರ್ಯಾಯ. ಅದರ ತಯಾರಿ ತುಂಬಾ ಮುಂಚೆಯೇ ಶುರುವಾಗುತ್ತದೆ. ಮೊದಲು ಬಾಳೆ ಮುಹೂರ್ತ. ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಈ ಹೆಸರುಗಳನ್ನು ಒಮ್ಮೆ ನೋಡಿ. ನಾಲ್ಕೂ ಊಟಕ್ಕೆ ಬೇಕಾದವೇ. ಉಣ್ಣಲು ಎಲೆ, ಬೇಯಿಸಲು ಅಕ್ಕಿ, ಒಲೆಗೆ ಸೌದೆ, ಕಣಜಕ್ಕೆ ಭತ್ತ. ಮಧ್ವ ಸರೋವರದ ಹತ್ತಿರ ಸೌದೆಯನ್ನು ರಥದ ಆಕಾರಕ್ಕೆ ಒಟ್ಟಿ ನಿಲ್ಲಿಸುತ್ತಾರೆ. ಪರ್ಯಾಯದ ದಿನ ಬೆಳಗಿನ ಜಾವ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಕೊಡುವುದೂ ಅಕ್ಷಯ ಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಕೀಲಿಕೈ. ಎರಡು ವರ್ಷ ಕೃಷ್ಣನ ಪೂಜೆ ಎಷ್ಟು ಮುಖ್ಯವೋ, ಬಂದವರಿಗೆ ಅನ್ನ ಹಾಕುವುದೂ ಅಷ್ಟೇ ಮುಖ್ಯ.

ಅನ್ನ ಹಾಕಲು ದುಡ್ಡು ಬೇಕು. ಒಂದು ಮಠ ಆ ದುಡ್ಡಿಗಾಗಿ ಸಾಲ ಮಾಡಿತು. ಸಾಲದ ನೆಪದಲ್ಲಿ ಸರ್ಕಾರಿ ಬೋರ್ಡು ಒಳಗೆ ಬಂತು. ಆ ಜಗಳ ಬೆಳೆದು 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಮುಂದೆ ನಿಂತಿತು. ಧಾರ್ಮಿಕ ಸಮುದಾಯದ ಆಸ್ತಿಯ ಮೇಲೆ ಸರ್ಕಾರಕ್ಕೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆ ಇಂದಿಗೂ ದೇಶದ ಯಾವ ಕೋರ್ಟಿನಲ್ಲಿ ಎದ್ದರೂ, ಮಾತು ತಿರುಗಿ ಬರುವುದು ಈ ಶಿರೂರು ಮಠದ ತೀರ್ಪಿಗೇ. ನಮ್ಮ ನೆಲದಲ್ಲೇ ಹುಟ್ಟಿದ ಪ್ರಕರಣ ಇದು. ಆದರೂ ನಮ್ಮಲ್ಲಿ ಇದರ ಪೂರ್ತಿ ಕಥೆ ಗೊತ್ತಿರುವವರು ಕಡಿಮೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸಾಲ ಹೇಗೆ ಬೆಳೆಯಿತು

ಉಡುಪಿಯ ಎಂಟು ಮಠಗಳು ಮಧ್ವಾಚಾರ್ಯರ ಶಿಷ್ಯರಿಂದ ಬಂದವು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಒಂದೊಂದು ಮಠಕ್ಕೆ ಎರಡೆರಡು ವರ್ಷ ಕೃಷ್ಣ ಮಠದ ಪೂಜೆ ಮತ್ತು ಆಡಳಿತ. ಎರಡು ವರ್ಷದ ಈ ಕ್ರಮವನ್ನು ತಂದವರು ಸೋದೆಯ ವಾದಿರಾಜರು ಎಂದು ಎಲ್ಲರೂ ನಂಬುತ್ತಾರೆ. ಎಂಟು ಮಠ, ಎರಡು ವರ್ಷ. ಅಂದರೆ ಒಂದು ಮಠಕ್ಕೆ ಹದಿನಾರು ವರ್ಷಕ್ಕೊಮ್ಮೆ ಸರದಿ.

ಇಲ್ಲಿ ಒಂದು ವಿಷಯ ಗಮನದಲ್ಲಿರಲಿ. ಪ್ರತಿ ಮಠಕ್ಕೂ ಅದರದ್ದೇ ಆಸ್ತಿ ಇದೆ, ಅದರದ್ದೇ ಪಟ್ಟದ ದೇವರಿದ್ದಾರೆ, ಅದರದ್ದೇ ಮೂಲ ಮಠ ಇದೆ. ಶಿರೂರಿನ ಮೂಲ ಮಠ ಹಿರಿಯಡ್ಕದ ಕಡೆ, ಸ್ವರ್ಣಾ ನದಿಯ ದಡದಲ್ಲಿದೆ. ಕೃಷ್ಣ ಮಠದ ಪರ್ಯಾಯ ಬಂದಾಗ ಖರ್ಚು ಹೊರಬೇಕಾದದ್ದು ಸರದಿಯ ಮಠ. ನಾವು ಹೇಳುತ್ತಿರುವ ಪ್ರಕರಣ ಕೃಷ್ಣ ಮಠದ ಆಸ್ತಿಯದ್ದಲ್ಲ. ಶಿರೂರು ಮಠದ ಸ್ವಂತ ಆಸ್ತಿಯದ್ದು.

ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ ಶಿರೂರು ಮಠದ ಪೀಠಕ್ಕೆ ಬಂದಾಗ ಇನ್ನೂ ಬಾಲಕರು. 1926ರಲ್ಲಿ ಪ್ರಾಯಕ್ಕೆ ಬಂದರು. ಆಗಲೇ ಮಠದ ತಲೆಯ ಮೇಲೆ ದೊಡ್ಡ ಸಾಲವಿತ್ತು. ನಾಲ್ಕೈದು ವರ್ಷದಲ್ಲಿ ಅವರು ಅದರ ಬಹುಪಾಲು ತೀರಿಸಿದರು. ಅಷ್ಟರಲ್ಲಿ ಮೊದಲ ಪರ್ಯಾಯ ಬಂತು. ಮತ್ತೆ ಸಾಲ. ಪರ್ಯಾಯ ಮುಗಿದ ಮೇಲೆ ನಿಧಾನಕ್ಕೆ ಸುಧಾರಿಸಿಕೊಂಡರು. ಆಮೇಲೆ 1946 ಬಂತು. ಎರಡನೇ ಪರ್ಯಾಯ.

1946 ಎಂಥ ವರ್ಷ ಎಂದು ಯೋಚಿಸಿ. ಮಹಾಯುದ್ಧ ಮುಗಿದ ಮರುವರ್ಷ. ದವಸ ಸಿಗುತ್ತಿರಲಿಲ್ಲ, ಸಿಕ್ಕರೆ ಬೆಲೆ ಕೈಗೆಟುಕುತ್ತಿರಲಿಲ್ಲ. ಆದರೆ ಪರ್ಯಾಯದಲ್ಲಿ ಉಣ್ಣಲು ಬಂದವರನ್ನು ‘ಈ ವರ್ಷ ಅಕ್ಕಿ ತುಟ್ಟಿ’ ಎಂದು ವಾಪಸ್ ಕಳಿಸಲು ಆಗುತ್ತದೆಯೇ? ಸ್ವಾಮಿಗಳು ಸಾಲ ಮಾಡಿದರು. ಮೊತ್ತ ಒಂದು ಲಕ್ಷ ರೂಪಾಯಿಯ ಹತ್ತಿರ ಬಂತು. ಆ ಕಾಲದ ಒಂದು ಲಕ್ಷ.

ಮೇಲಿನಿಂದ ಬಂದ ಏಜೆಂಟ್

ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ ದೇವಸ್ಥಾನ ಮತ್ತು ಮಠಗಳ ಮೇಲೆ ಸರ್ಕಾರದ ಕೈ ಹೊಸದೇನಲ್ಲ. 1817ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಒಂದು ರೆಗ್ಯುಲೇಶನ್ ಮಾಡಿ ದತ್ತಿಗಳ ಮೇಲ್ವಿಚಾರಣೆಗೆ ಇಳಿದಿತ್ತು. ಕ್ರೈಸ್ತ ಸರ್ಕಾರ ಹಿಂದೂ ಗುಡಿಗಳನ್ನು ನೋಡಿಕೊಳ್ಳುವುದೇ ಎಂದು ಮಿಷನರಿಗಳು ಇಂಗ್ಲೆಂಡಿನಲ್ಲಿ ಗಲಾಟೆ ಮಾಡಿದ ಮೇಲೆ ಕೈ ಹಿಂದೆ ತೆಗೆಯಿತು. 1863ರ ಕಾಯ್ದೆಯಲ್ಲಿ ಟ್ರಸ್ಟಿಗಳಿಗೆ, ಸ್ಥಳೀಯ ಸಮಿತಿಗಳಿಗೆ ಬಿಟ್ಟುಕೊಟ್ಟಿತು. ಜಸ್ಟಿಸ್ ಪಾರ್ಟಿ ಸರ್ಕಾರದ ಕಾಲದಲ್ಲಿ ಮತ್ತೆ ಕಾನೂನು ಬಂತು. 1927ರ ಮದ್ರಾಸ್ ಹಿಂದೂ ಧಾರ್ಮಿಕ ದತ್ತಿ ಕಾಯ್ದೆ ಒಂದು ಬೋರ್ಡನ್ನು ಕೂರಿಸಿತು.

ಶಿರೂರಿನ ಸಾಲ ನೋಡಿ ಈ ಬೋರ್ಡು ಮುಂದೆ ಬಂತು. ತಕ್ಕ ಮ್ಯಾನೇಜರ್ ಒಬ್ಬರನ್ನು ನೇಮಿಸಿಕೊಳ್ಳಿ ಎಂದು ಸ್ವಾಮಿಗಳಿಗೆ ಆದೇಶ ಕೊಟ್ಟಿತು. ಕಾಯ್ದೆಯಲ್ಲಿ ಆ ಅಧಿಕಾರ ಇತ್ತು. ಸ್ವಾಮಿಗಳು ಒಪ್ಪಿದರು. 1946ರ ಡಿಸೆಂಬರ್ 24ರಂದು ಒಬ್ಬ ಏಜೆಂಟರ ಹೆಸರಿಗೆ ಪವರ್ ಆಫ್ ಅಟಾರ್ನಿ, ಅಂದರೆ ಮಠದ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಟ್ಟರು.

ಆಮೇಲೆ ಆದದ್ದನ್ನು ಸ್ವಾಮಿಗಳು ತಮ್ಮ ಅರ್ಜಿಯಲ್ಲಿ ಹೇಳಿಕೊಂಡಿದ್ದಾರೆ. ಏಜೆಂಟರು ತಮಗೆ ಬೇಕಾದ ಹಾಗೆ ನಡೆಸಿದರು. ಮಠಾಧಿಪತಿಯ ಮಾತಿಗೆ ಬೆಲೆ ಕೊಡಲಿಲ್ಲ. ಲೆಕ್ಕ ಕೂಡ ಒಪ್ಪಿಸಲಿಲ್ಲ. ಸ್ವಾಮಿಗಳು 1948ರ ಸೆಪ್ಟೆಂಬರಿನಲ್ಲಿ ನೋಟಿಸು ಕೊಟ್ಟು ಪವರ್ ಆಫ್ ಅಟಾರ್ನಿ ರದ್ದು ಮಾಡಿದರು. ಲೆಕ್ಕದ ಪುಸ್ತಕ, ವೋಚರು, ಕೈಯಲ್ಲಿರುವ ನಗದು ಎಲ್ಲ ವಾಪಸ್ ಕೊಡಿ ಎಂದರು. ಏಜೆಂಟರು, ನನ್ನನ್ನು ತೆಗೆಯಲು ನಿಮಗೆ ಅಧಿಕಾರವೇ ಇಲ್ಲ ಎಂದು ಬೋರ್ಡಿಗೆ ಹೋದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲೋಣ. ಮಠ ಯಾರದ್ದು? ಆಸ್ತಿ ಮಠದ್ದು, ಪೀಠದಲ್ಲಿ ಕೂತವರು ಸ್ವಾಮಿಗಳು, ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದವರೂ ಅವರೇ. ಆದರೂ ತಮ್ಮದೇ ಮಠದ ಲೆಕ್ಕದ ಪುಸ್ತಕ ನೋಡಲು ಅವರು ಕೋರ್ಟಿಗೆ ಹೋಗಬೇಕಾಯಿತು. 1948ರ ಅಕ್ಟೋಬರ್ 4ರಂದು ಅವರು ದಕ್ಷಿಣ ಕನ್ನಡದ ಸಬ್ ಕೋರ್ಟಿನಲ್ಲಿ ದಾವೆ ಹೂಡಿದರು. ಈ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ದೊಡ್ಡ ದೊಡ್ಡ ಸಂವಿಧಾನದ ಮಾತುಗಳು ಆಮೇಲೆ ಬಂದವು. ಮೊದಲು ಕೇಳಿದ್ದು ಪುಸ್ತಕ ಮತ್ತು ವೋಚರು.

ದಾವೆ ಇನ್ನೂ ಶುರುವಿನಲ್ಲಿರುವಾಗಲೇ ಬೋರ್ಡು ಇನ್ನೊಂದು ಹೆಜ್ಜೆ ಇಟ್ಟಿತು. ಮಠದ ಆಸ್ತಿಯ ಆಡಳಿತ ಸರಿಯಿಲ್ಲ, ಅದಕ್ಕೊಂದು ಸ್ಕೀಮ್ ಮಾಡಬೇಕು ಎಂದು ತಾನಾಗಿ ನೋಟಿಸು ಹೊರಡಿಸಿತು. ಸ್ಕೀಮ್ ಎಂದರೆ ಆಡಳಿತ ಹೀಗೆಯೇ ನಡೆಯಬೇಕು ಎಂದು ಬೋರ್ಡು ಬರೆದುಕೊಡುವ ಕಟ್ಟಳೆ. ಕರಡು ಕೂಡ ತಯಾರಾಯಿತು. ಸ್ವಾಮಿಗಳು ಮದ್ರಾಸ್ ಹೈಕೋರ್ಟಿಗೆ ಹೋಗಿ, ಬೋರ್ಡನ್ನು ತಡೆಯಿರಿ ಎಂದು ಬೇಡಿಕೊಂಡರು.

ಕೇಸು ನಡೆಯುತ್ತಿರುವಾಗಲೇ ನೆಲ ಬದಲಾಯಿತು

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರಲ್ಲಿ 26ನೇ ವಿಧಿ ಇತ್ತು. ಪ್ರತಿ ಧಾರ್ಮಿಕ ಪಂಗಡಕ್ಕೆ, ಪಂಗಡದೊಳಗಿನ ಪಂಗಡಕ್ಕೂ, ಅದು ನಾಲ್ಕು ಹಕ್ಕು ಕೊಡುತ್ತದೆ. ಧರ್ಮ ಮತ್ತು ದಾನಕ್ಕಾಗಿ ಸಂಸ್ಥೆ ಕಟ್ಟಿ ನಡೆಸುವುದು. ಧರ್ಮದ ವಿಷಯದಲ್ಲಿ ತನ್ನ ವ್ಯವಹಾರ ತಾನೇ ನೋಡಿಕೊಳ್ಳುವುದು. ಸ್ಥಿರ, ಚರ ಆಸ್ತಿ ಹೊಂದುವುದು. ಆ ಆಸ್ತಿಯ ಆಡಳಿತವನ್ನು ‘ಕಾನೂನಿನ ಪ್ರಕಾರ’ ನಡೆಸುವುದು. ಎರಡನೆಯ ಹಕ್ಕಿಗೆ ‘ಕಾನೂನಿನ ಪ್ರಕಾರ’ ಎಂಬ ಕಟ್ಟು ಇಲ್ಲ. ನಾಲ್ಕನೆಯದಕ್ಕೆ ಇದೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಅದರ ಹಿಂದೆಯೇ 1951ರಲ್ಲಿ ಮದ್ರಾಸ್ ಸರ್ಕಾರ ಹೊಸ ಕಾಯ್ದೆ ತಂದಿತು. ಬೋರ್ಡು ಹೋಗಿ ಇಲಾಖೆ ಬಂತು. ಕಮಿಷನರ್, ಅವರ ಕೆಳಗೆ ಡೆಪ್ಯುಟಿ ಕಮಿಷನರ್, ಅಸಿಸ್ಟೆಂಟ್ ಕಮಿಷನರ್. ಇವರು ಜಿಲ್ಲಾಧಿಕಾರಿಗಳಲ್ಲ, ದತ್ತಿ ಇಲಾಖೆಯವರೇ. ಹಳೆಯ ಬೋರ್ಡಿಗಿಂತ ಇವರ ಅಧಿಕಾರ ಜಾಸ್ತಿ. ಸ್ವಾಮಿಗಳು ತಮ್ಮ ಅರ್ಜಿ ತಿದ್ದಿಸಿ, ಹೊಸ ಕಾಯ್ದೆಯನ್ನೇ ಪ್ರಶ್ನಿಸಿದರು. ಒಬ್ಬ ಏಜೆಂಟರ ಲೆಕ್ಕದ ಜಗಳ ಇಡೀ ಕಾಯ್ದೆಯ ಪರೀಕ್ಷೆ ಆಯಿತು. 1951ರ ಡಿಸೆಂಬರಿನಲ್ಲಿ ಹೈಕೋರ್ಟು ಸ್ವಾಮಿಗಳ ಪರ ತೀರ್ಪು ಕೊಟ್ಟು, ಕಾಯ್ದೆಯ ಹಲವು ಸೆಕ್ಷನ್‌ಗಳನ್ನು ಹೊಡೆದುಹಾಕಿತು. ಕಮಿಷನರ್ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋದರು.

ಏಳು ಜನರ ಪೀಠ, ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್. ತೀರ್ಪು ಬರೆದವರು ಬಿ.ಕೆ. ಮುಖರ್ಜಿಯಾ. ಹಿಂದೂ ದತ್ತಿಗಳ ಕಾನೂನಿನಲ್ಲಿ ಅವರಿಗಿದ್ದ ತಿಳಿವಳಿಕೆ ತೀರ್ಪಿನ ಪುಟಪುಟದಲ್ಲೂ ಕಾಣುತ್ತದೆ.

ಮೂರು ಪ್ರಶ್ನೆ

ಮೊದಲನೆಯದು, ಮಠ ‘ಧಾರ್ಮಿಕ ಪಂಗಡ’ವೇ? ಕೋರ್ಟು ನಿಘಂಟು ತೆಗೆದು ಇಂಗ್ಲಿಷ್ ಪದದ ಅರ್ಥ ನೋಡಿತು. ಒಂದೇ ಹೆಸರಿನಡಿ ಸೇರಿದ, ಒಂದೇ ನಂಬಿಕೆ ಮತ್ತು ಸಂಘಟನೆ ಇರುವ ಜನ. ಶಂಕರ, ರಾಮಾನುಜ, ಮಧ್ವ ಮೊದಲಾದ ಆಚಾರ್ಯರು ಕಟ್ಟಿದ ಪರಂಪರೆಗಳು ಇದಕ್ಕೆ ಸರಿಯಾಗಿ ಹೊಂದುತ್ತವೆ ಎಂದಿತು. ಮಧ್ವಾಚಾರ್ಯರ ಅನುಯಾಯಿಗಳು ಒಂದು ಪಂಗಡ, ಶಿರೂರು ಮಠ ಅದರ ಭಾಗ. ಹಾಗಾಗಿ 26ನೇ ವಿಧಿಯ ರಕ್ಷಣೆ ಇದೆ.

ಎರಡನೆಯದು, ಸ್ವಾಮಿಗಳು ಯಾರು? ಸಂಬಳದ ಮ್ಯಾನೇಜರರೇ, ಆಸ್ತಿಯ ಮಾಲೀಕರೇ? ಎರಡೂ ಅಲ್ಲ ಎಂದಿತು ಕೋರ್ಟು. ಮಠಾಧಿಪತಿಯ ಸ್ಥಾನದಲ್ಲಿ ಹುದ್ದೆಯೂ ಇದೆ, ಆಸ್ತಿಯ ಹಕ್ಕೂ ಇದೆ. ಕರ್ತವ್ಯವೂ ಇದೆ, ಸ್ವಂತ ಹಿತವೂ ಇದೆ. ಹಾಲು ನೀರು ಬೆರೆತ ಹಾಗೆ. ಒಂದನ್ನು ಕಿತ್ತರೆ ಇನ್ನೊಂದು ಉಳಿಯುವುದಿಲ್ಲ. ಆಸ್ತಿಯನ್ನು ಬಳಸುವ ಅಧಿಕಾರ ಇಲ್ಲದಿದ್ದರೆ ಅವರು ಶಿಷ್ಯರಿಗೆ ಗುರುವಾಗಿ ಕೆಲಸ ಮಾಡುವುದೇ ಕಷ್ಟ. ಆಗ 19(1)(ಎಫ್) ವಿಧಿಯಲ್ಲಿ ಆಸ್ತಿ ಹೊಂದುವುದು ಪ್ರತಿ ನಾಗರಿಕನ ಮೂಲಭೂತ ಹಕ್ಕಾಗಿತ್ತು. ಆ ಹಕ್ಕು ಮಠಾಧಿಪತಿಗೂ ಇದೆ ಎಂದಿತು ಕೋರ್ಟು.

ಮೂರನೆಯದೇ ದೊಡ್ಡದು. ಧರ್ಮ ಎಲ್ಲಿ ಮುಗಿಯುತ್ತದೆ, ಆಡಳಿತ ಎಲ್ಲಿ ಶುರುವಾಗುತ್ತದೆ? ದುಡ್ಡು, ಆಸ್ತಿ, ನೌಕರರು, ಇವೆಲ್ಲ ಲೌಕಿಕ ವಿಷಯ, ಧರ್ಮ ಅಲ್ಲ ಎಂಬುದು ಸರ್ಕಾರದ ಕಡೆಯ ವಾದ. ಕೋರ್ಟು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯ ಆಗಬೇಕು, ಇಂಥ ದಿನ ಇಂಥ ಉತ್ಸವ ನಡೆಯಬೇಕು ಎಂದು ಒಂದು ಧರ್ಮ ಹೇಳಿದರೆ, ಅದಕ್ಕೆ ದುಡ್ಡು ಖರ್ಚಾಗುತ್ತದೆ, ಸಾಮಾನು ಬೇಕಾಗುತ್ತದೆ, ಅಡುಗೆಯವರು ಬೇಕಾಗುತ್ತದೆ. ಅಷ್ಟಕ್ಕೇ ಅದು ಲೌಕಿಕ ಆಗುವುದಿಲ್ಲ. ಧರ್ಮಕ್ಕೆ ಏನು ಮುಖ್ಯ ಎಂಬುದನ್ನು ಮೊದಲು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು.

ಹಾಗೆಂದು ಕೋರ್ಟು ಕಣ್ಣು ಮುಚ್ಚಲಿಲ್ಲ. ಯಾವ ಆಚರಣೆ ಬೇಕು ಎಂದು ಹೇಳುವುದು ಪಂಗಡದ ಹಕ್ಕು. ಅದಕ್ಕೆ ಎಷ್ಟು ಖರ್ಚು ಎಂಬುದು ಆಸ್ತಿಯ ಆಡಳಿತದ ವಿಷಯ, ಅದನ್ನು ಕಾನೂನು ಹಿಡಿತದಲ್ಲಿಡಬಹುದು. ದುಂದು ಮಾಡಿ ಸಂಸ್ಥೆಯನ್ನೇ ಮುಳುಗಿಸು ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ಪರ್ಯಾಯದ ಸಾಲದಿಂದ ಶುರುವಾದ ಕೇಸಿನಲ್ಲಿ ಈ ಮಾತು ಬಂದದ್ದು ನನಗೆ ತುಂಬಾ ಸರಿ ಅನಿಸುತ್ತದೆ. ಪರ್ಯಾಯ ನಡೆಸಬೇಡಿ ಎನ್ನಲು ಸರ್ಕಾರಕ್ಕೆ ಹಕ್ಕಿಲ್ಲ. ಮಠ ಉಳಿಯುವಷ್ಟು ಲೆಕ್ಕ ಇಟ್ಟು ನಡೆಸಿ ಎನ್ನಬಹುದು.

ಇನ್ನು ‘ಕಾನೂನಿನ ಪ್ರಕಾರ’ ಎಂಬ ಕಟ್ಟು. ಕಾನೂನು ಆಸ್ತಿಯ ಆಡಳಿತಕ್ಕೆ ನಿಯಮ ಹಾಕಬಹುದು. ಆದರೆ ಆಡಳಿತ ಪಂಗಡದ ಕೈಯಲ್ಲೇ ಉಳಿಯಬೇಕು. ಅದನ್ನು ಪೂರ್ತಿ ಕಿತ್ತು ಇನ್ನೊಬ್ಬರಿಗೆ ಕೊಡುವ ಕಾನೂನು 26ನೇ ವಿಧಿಯನ್ನು ಮುರಿಯುತ್ತದೆ. ಈ ತೀರ್ಪಿನ ತಿರುಳು ಇದೇ. ಸರ್ಕಾರ ಲೆಕ್ಕ ಕೇಳಬಹುದು, ಕೀಲಿಕೈ ಕಿತ್ತುಕೊಳ್ಳುವ ಹಾಗಿಲ್ಲ.

ಬಿದ್ದವು, ಉಳಿದವು

ಈ ಅಳತೆಗೋಲು ಇಟ್ಟುಕೊಂಡು ಕೋರ್ಟು ಒಂದೊಂದೇ ಸೆಕ್ಷನ್ ನೋಡಿತು. ಕೊನೆಗೆ 21, 30(2), 31, 55, 56 ಮತ್ತು 63ರಿಂದ 69ರವರೆಗಿನ ಸೆಕ್ಷನ್‌ಗಳು ಬಿದ್ದವು. ಎಲ್ಲವನ್ನೂ ವಿವರಿಸುವುದಿಲ್ಲ. ಕೆಲವನ್ನು ಮಾತ್ರ ನೋಡೋಣ.

ಸೆಕ್ಷನ್ 21 ಕಮಿಷನರಿಗೂ ಅವರ ಕೆಳಗಿನವರಿಗೂ ಧಾರ್ಮಿಕ ಸಂಸ್ಥೆಯ ಒಳಗೆ ಹೋಗುವ ಅಧಿಕಾರ ಕೊಟ್ಟಿತ್ತು. ಯಾವ ಹೊತ್ತು, ಯಾವ ಕೋಣೆ ಎಂಬ ಮಿತಿ ಇಲ್ಲ. ಗರ್ಭಗುಡಿಗೆ ಯಾರು ಹೋಗಬಹುದು ಎಂಬುದಕ್ಕೆ ಮಠದಲ್ಲಿ ಕಟ್ಟುನಿಟ್ಟು ಇರುತ್ತದೆ. ಸ್ವಾಮಿಗಳು ಜಪಕ್ಕೆ ಕೂರುವ ಕೋಣೆಗೆ ಫೈಲು ಹಿಡಿದ ಅಧಿಕಾರಿ ಯಾವ ಹೊತ್ತಿನಲ್ಲಾದರೂ ಬರಬಹುದು ಎಂದರೆ ಹೇಗೆ? ಇಂಥ ಮಿತಿಯಿಲ್ಲದ ಅಧಿಕಾರ ನಿಲ್ಲುವುದಿಲ್ಲ ಎಂದಿತು ಕೋರ್ಟು.

ಸೆಕ್ಷನ್ 55 ಪಾದಕಾಣಿಕೆಯದ್ದು. ಶಿಷ್ಯರು ಗುರುಗಳ ಪಾದಕ್ಕೆ ಅರ್ಪಿಸುವ ಕಾಣಿಕೆ ಗುರುಗಳಿಗೇ ಸೇರುವಂಥದ್ದು, ಅದನ್ನು ಹೇಗೆ ಬಳಸಬೇಕು ಎಂಬುದು ಅವರಿಗೆ ಬಿಟ್ಟದ್ದು ಎಂಬುದು ನಡೆದುಬಂದ ಪದ್ಧತಿ. ಕಾಯ್ದೆ ಅದಕ್ಕೂ ಬೇಲಿ ಹಾಕಿತ್ತು. ಅದು ಬಿತ್ತು. ಸೆಕ್ಷನ್ 31ರ ಪ್ರಕಾರ, ಖರ್ಚು ಕಳೆದು ಉಳಿದ ಹಣವನ್ನು ಬಳಸಲೂ ಡೆಪ್ಯುಟಿ ಕಮಿಷನರರ ಮುಂಗಡ ಅನುಮತಿ ಬೇಕಿತ್ತು. ಅದೂ ಬಿತ್ತು.

ಸೆಕ್ಷನ್ 56 ಕಥೆಯ ಶುರುವಿಗೇ ನಮ್ಮನ್ನು ಕರೆದೊಯ್ಯುತ್ತದೆ. ಮ್ಯಾನೇಜರ್ ನೇಮಿಸಿ ಎಂದು ಮಠಾಧಿಪತಿಗೆ ಹೇಳುವ ಅಧಿಕಾರ, ನೇಮಿಸದಿದ್ದರೆ ತಾನೇ ನೇಮಿಸುವ ಅಧಿಕಾರ. 1946ರಲ್ಲಿ ಶಿರೂರಿಗೆ ಬಂದ ಆದೇಶದ ಹೊಸ ರೂಪ ಇದು. ಯಾವಾಗ, ಯಾವ ಕಾರಣಕ್ಕೆ ಎಂಬ ಕಟ್ಟು ಅದಕ್ಕಿರಲಿಲ್ಲ. ಇಂಥ ಅಧಿಕಾರ ಇದ್ದರೆ ಸ್ವಾಮಿಗಳು ಇಲಾಖೆಯ ಆಳಾಗಿಬಿಡುತ್ತಾರೆ. ಎಂಟು ವರ್ಷದ ಹಿಂದೆ ಒಬ್ಬ ಮಠಾಧಿಪತಿ ಬೇರೆ ದಾರಿಯಿಲ್ಲದೆ ಹಾಕಿದ ಸಹಿಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಸೆಕ್ಷನ್ 76ರದ್ದು ಬೇರೆಯೇ ಕಥೆ. ಪ್ರತಿ ಸಂಸ್ಥೆಯೂ ತನ್ನ ಆದಾಯದಲ್ಲಿ ಶೇಕಡ 5ರವರೆಗೆ ಸರ್ಕಾರಕ್ಕೆ ವಂತಿಗೆ ಕಟ್ಟಬೇಕಿತ್ತು. ಸರ್ಕಾರ ಇದು ಫೀಸು, ನಮ್ಮ ಇಲಾಖೆಯ ಸೇವೆಗೆ ಎಂದಿತು. ಕೋರ್ಟು ಕೇಳಿತು, ಈ ಹಣ ಎಲ್ಲಿಗೆ ಹೋಗುತ್ತದೆ? ಸರ್ಕಾರದ ಸಾಮಾನ್ಯ ಖಜಾನೆಗೆ. ಕೊಟ್ಟ ಸೇವೆಗೂ ತೆಗೆದುಕೊಂಡ ಹಣಕ್ಕೂ ಲೆಕ್ಕದ ನಂಟು ಇರಲಿಲ್ಲ. ಹಾಗಾದರೆ ಇದು ತೆರಿಗೆ. ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ. ಅದೇ 1954ರಲ್ಲಿ ಒರಿಸ್ಸಾದ ಒಂದು ಮಠದ ಕೇಸಿನಲ್ಲಿ ಅದೇ ಕೋರ್ಟು ವಂತಿಗೆಯನ್ನು ಒಪ್ಪಿತು. ಅಲ್ಲಿ ಹಣ ಪ್ರತ್ಯೇಕ ನಿಧಿಗೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ. ಮದ್ರಾಸ್ ಕೂಡ ಆಮೇಲೆ ತನ್ನ ಕಾಯ್ದೆ ತಿದ್ದಿ ಪ್ರತ್ಯೇಕ ನಿಧಿ ಮಾಡಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಶೀ ಮಠದ ಸುಧೀಂದ್ರ ತೀರ್ಥರು ಅದನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟು ಅದನ್ನು ಫೀಸು ಎಂದೇ ಒಪ್ಪಿತು. ಫೀಸು ಮತ್ತು ತೆರಿಗೆಯ ಈ ಪಾಠ ಮುಂದೆ ಮಾರುಕಟ್ಟೆ ಫೀಸಿನಂಥ ಎಷ್ಟೋ ಕೇಸುಗಳಿಗೆ ದಾರಿ ತೋರಿಸಿತು.

ಉಳಿದದ್ದೂ ಕಡಿಮೆಯೇನಲ್ಲ. ಕಮಿಷನರರ ಸಾಮಾನ್ಯ ಮೇಲ್ವಿಚಾರಣೆ ಉಳಿಯಿತು. ಖರ್ಚಿನ ದಿಟ್ಟ, ಅಂದರೆ ಯಾವುದಕ್ಕೆ ಎಷ್ಟು ಎಂಬ ಪ್ರಮಾಣ, ಹಾಕುವುದು ಉಳಿಯಿತು. ಮಠಗಳು ಪೂರ್ತಿ ಗೆದ್ದವು ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಮಠಾಧಿಪತಿಯೂ ಲೆಕ್ಕಕ್ಕೆ ಬದ್ಧ ಎಂಬುದನ್ನು ಕೋರ್ಟು ಎಲ್ಲೂ ಅಲ್ಲಗಳೆದಿಲ್ಲ.

ಎಲ್ಲ ಸಮುದಾಯಕ್ಕೂ ಇದೇ ಅಳತೆ

ಇದು ಹಿಂದೂ ಮಠಗಳಿಗೆ ಮಾತ್ರ ಸಿಕ್ಕ ರಕ್ಷಣೆ ಎಂದುಕೊಳ್ಳಬೇಡಿ. ಅದೇ ವರ್ಷ ರತಿಲಾಲ್ ಗಾಂಧಿ ಪ್ರಕರಣದಲ್ಲಿ ಜೈನರ ಮತ್ತು ಪಾರ್ಸಿಗಳ ದತ್ತಿಗಳು 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ ಕಾಯ್ದೆಯನ್ನು ಪ್ರಶ್ನಿಸಿದವು. ಧಾರ್ಮಿಕ ಟ್ರಸ್ಟಿಗೆ ಚಾರಿಟಿ ಕಮಿಷನರರನ್ನೇ ಟ್ರಸ್ಟಿಯಾಗಿ ಕೂರಿಸುವುದು ಆಗದು ಎಂದಿತು ಕೋರ್ಟು. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರಿಗೆ ಈ ಬಾಂಬೆ ಕಾಯ್ದೆಯ ಹೆಸರು ಪರಿಚಯ ಇದ್ದೇ ಇರುತ್ತದೆ. ಬಸದಿ, ಇಗರ್ಜಿ, ಮಸೀದಿ, ಗುರುದ್ವಾರ, ಯಾವುದೇ ಇರಲಿ, 26ನೇ ವಿಧಿ ಒಂದೇ.

ಆದರೆ ಈ ರಕ್ಷಣೆಗೆ ಗಡಿಗಳಿವೆ. ಅವನ್ನು ತಿಳಿಯದೆ ಹೋರಾಟಕ್ಕೆ ಇಳಿದವರು ಸೋತದ್ದೂ ಇದೆ. 1961ರ ಅಜ್ಮೀರ್ ದರ್ಗಾ ಪ್ರಕರಣದಲ್ಲಿ ಕೋರ್ಟು, ಆಡಳಿತದ ಹಕ್ಕು ಮೊದಲು ನಿಮ್ಮ ಪಂಗಡದ ಕೈಯಲ್ಲಿ ಇದ್ದಿರಬೇಕು ಎಂದಿತು. ಇಲ್ಲದ ಹಕ್ಕನ್ನು 26ನೇ ವಿಧಿ ಹೊಸದಾಗಿ ಹುಟ್ಟಿಸುವುದಿಲ್ಲ. ಅದೇ ತೀರ್ಪಿನಲ್ಲಿ ಧರ್ಮದ ಮೂಲ ಆಚರಣೆ ಯಾವುದು ಎಂದು ಕೋರ್ಟೇ ಅಳೆಯಲು ಶುರುಮಾಡಿತು. ಧರ್ಮದ ಸಿದ್ಧಾಂತದಿಂದಲೇ ತಿಳಿಯಿರಿ ಎಂದಿದ್ದ ಶಿರೂರು ತೀರ್ಪಿಗಿಂತ ಇದು ಬೇರೆ ದಾರಿ. ಈ ಎರಡರ ನಡುವೆ ತಾಳೆ ಇದೆಯೇ ಎಂಬ ಪ್ರಶ್ನೆಯನ್ನು 2019ರಲ್ಲಿ ಶಬರಿಮಲೆ ಮರುಪರಿಶೀಲನೆಯ ಹೊತ್ತಿಗೆ ಸುಪ್ರೀಂ ಕೋರ್ಟು ದೊಡ್ಡ ಪೀಠಕ್ಕೆ ಕಳಿಸಿತು. 1982ರ ಆರೋವಿಲ್ ಪ್ರಕರಣದಲ್ಲಿ, ಅರವಿಂದರ ಅನುಯಾಯಿಗಳು ಧಾರ್ಮಿಕ ಪಂಗಡವೇ ಅಲ್ಲ ಎಂದಾಯಿತು. ಪಂಗಡ ಎನಿಸಿಕೊಳ್ಳಲು ಸಮಾನ ನಂಬಿಕೆ, ಸಮಾನ ಸಂಘಟನೆ, ಪ್ರತ್ಯೇಕ ಹೆಸರು, ಮೂರೂ ಬೇಕು.

ಇನ್ನೊಂದು ದೊಡ್ಡ ಗಡಿ ಭೂಮಿಯದ್ದು. ಕರಾವಳಿಯ ಹಳೆಯ ಮನೆಗಳಲ್ಲಿ ಇದರ ನೆನಪು ಇನ್ನೂ ಹಸಿಯಾಗಿದೆ. ಮಠಗಳ ಆದಾಯ ಬರುತ್ತಿದ್ದುದು ಗೇಣಿ ಅಕ್ಕಿಯಿಂದ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿ ಭೂಮಿ ಉಳುವವರ ಪಾಲಾಯಿತು. ಮಠಗಳ ಗೇಣಿ ಭೂಮಿಯೂ ಹೋಯಿತು. 26ನೇ ವಿಧಿ ಅದನ್ನು ತಡೆಯಲಿಲ್ಲ. ಆಸ್ತಿ ಹೊಂದುವ ಹಕ್ಕು ಇದೆ ಎಂದ ಮಾತ್ರಕ್ಕೆ ಸರ್ಕಾರ ಕಾನೂನಿನ ಮೂಲಕ ಭೂಮಿ ವಶಪಡಿಸಿಕೊಳ್ಳಬಾರದು ಎಂದಲ್ಲ. ಮದ್ರಾಸಿನ ವಕ್ಫ್ ಎಸ್ಟೇಟ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮೊದಲೇ ಇದನ್ನು ಹೇಳಿಬಿಟ್ಟಿತ್ತು. ತಲೆಮಾರುಗಳಿಂದ ಗೇಣಿ ಅಳೆದ ಒಕ್ಕಲಿಗೆ ಆ ಭೂಮಿ ಸಿಕ್ಕಿದ್ದು ನ್ಯಾಯ ಎಂದೇ ನಾನು ತಿಳಿದಿದ್ದೇನೆ. ಮಠಗಳು ಆಮೇಲೆ ಭಕ್ತರ ಕಾಣಿಕೆ, ಶಾಲೆ, ಸಂಸ್ಥೆಗಳ ಕಡೆ ತಿರುಗಿ ಬದುಕಿಕೊಂಡವು.

ತೀರ್ಪಿನ ಒಂದು ಕಾಲು ಈಗ ಇಲ್ಲ ಎಂಬುದನ್ನೂ ಹೇಳಬೇಕು. 1978ರ 44ನೇ ತಿದ್ದುಪಡಿ 19(1)(ಎಫ್) ವಿಧಿಯನ್ನೇ ತೆಗೆದುಹಾಕಿತು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, 300ಎ ವಿಧಿಯ ಸಾಂವಿಧಾನಿಕ ಹಕ್ಕು ಮಾತ್ರ. ಪಾದಕಾಣಿಕೆಯಂಥ ಸ್ವಂತ ಹಕ್ಕಿನ ವಾದಕ್ಕೆ ಅಂದಿನ ಬಲ ಇಂದಿಲ್ಲ. ಪಂಗಡದ ಹಕ್ಕು, ಅಂದರೆ 26ನೇ ವಿಧಿ, ಹಾಗೆಯೇ ನಿಂತಿದೆ.

ಅದು ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದು 2014ರಲ್ಲಿ ಗೊತ್ತಾಯಿತು. ಚಿದಂಬರದ ನಟರಾಜ ದೇವಸ್ಥಾನದ ಅರ್ಚಕರಾದ ದೀಕ್ಷಿತರು ತಮ್ಮದೂ ಒಂದು ಪಂಗಡ ಎಂದು 1951ರಲ್ಲೇ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದಿದ್ದರು. ಆದರೂ ಅಲ್ಲಿ ತಮಿಳುನಾಡು ಸರ್ಕಾರ ಕಾರ್ಯನಿರ್ವಹಣಾಧಿಕಾರಿಯನ್ನು ಕೂರಿಸಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆಡಳಿತದಲ್ಲಿ ತಪ್ಪಾಗಿದ್ದರೆ ಸರಿಪಡಿಸಲು ಸರ್ಕಾರ ಬರಬಹುದು. ಸರಿಯಾದ ಮೇಲೆ ವಾಪಸ್ ಕೊಟ್ಟು ಹೋಗಬೇಕು. ಕೊನೆಯಿಲ್ಲದ ಕಾಲಕ್ಕೆ ಕೂರುವ ಹಾಗಿಲ್ಲ.

ನಮ್ಮಲ್ಲಿ 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆ ಮಠಗಳನ್ನೂ ಅವುಗಳಿಗೆ ಸೇರಿದ ದೇವಸ್ಥಾನಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅದರ ಮೇಲೂ ದೊಡ್ಡ ವ್ಯಾಜ್ಯ ನಡೆಯಿತು. 2006ರಲ್ಲಿ ಹೈಕೋರ್ಟು ಕಾಯ್ದೆಯನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆ ಕಥೆ ಇನ್ನೊಮ್ಮೆ.

ನಿಮ್ಮೂರ ಗುಡಿ, ಬಸದಿ ಅಥವಾ ಮಸೀದಿಯ ಸಮಿತಿಯಲ್ಲಿ ನೀವಿದ್ದೀರಿ, ಇಲಾಖೆಯಿಂದ ನೋಟಿಸು ಬಂದಿದೆ ಎಂದುಕೊಳ್ಳಿ. ಸುಮ್ನೆ ಹೆದರಬೇಡಿ, ಸುಮ್ನೆ ಹರಿದೂ ಹಾಕಬೇಡಿ. ನೋಟಿಸು ಏನು ಕೇಳುತ್ತಿದೆ ಎಂದು ಮೊದಲು ಓದಿ. ಲೆಕ್ಕ ಕೇಳಿದ್ದರೆ ಕೊಡಿ, ಅದು ಅವರ ಹಕ್ಕು. ಆಡಳಿತವನ್ನೇ ವಹಿಸಿಕೊಳ್ಳುತ್ತೇವೆ ಎಂದಿದ್ದರೆ, ಯಾವ ಕಾರಣಕ್ಕೆ, ಎಷ್ಟು ಕಾಲಕ್ಕೆ ಎಂದು ಬರಹದಲ್ಲಿ ಕೇಳಿ. ನಿಮ್ಮದು ಪ್ರತ್ಯೇಕ ಪಂಗಡ ಎಂದು ತೋರಿಸುವ ಹಳೆಯ ಕಾಗದ, ಶಾಸನ, ದಾನಪತ್ರ, ಸಭೆಯ ನಡಾವಳಿ, ಹಿಂದಿನ ಕೋರ್ಟು ತೀರ್ಪು ಇದ್ದರೆ ಹುಡುಕಿ ತೆಗೆದಿಡಿ. ಆಡಳಿತ ನಿಮ್ಮವರ ಕೈಯಲ್ಲೇ ನಡೆದುಬಂದಿದೆ ಎಂಬುದಕ್ಕೆ ಸಾಕ್ಷಿ ಅದೇ. ಯಾರಿಗಾದರೂ ಪವರ್ ಆಫ್ ಅಟಾರ್ನಿ ಬರೆದುಕೊಟ್ಟರೆ ತಿಂಗಳು ತಿಂಗಳು ಲೆಕ್ಕ ಒಪ್ಪಿಸಬೇಕು ಎಂದೂ, ಪುಸ್ತಕ ಮತ್ತು ವೋಚರು ಸಂಸ್ಥೆಯಲ್ಲೇ ಇರಬೇಕು ಎಂದೂ ಅದರಲ್ಲೇ ಬರೆಸಿ. ಲಕ್ಷ್ಮೀಂದ್ರ ತೀರ್ಥರು 1948ರಲ್ಲಿ ನೋಟಿಸು ಕೊಟ್ಟು ಕೇಳಬೇಕಾಗಿ ಬಂದದ್ದು ಆ ಪುಸ್ತಕಗಳನ್ನೇ.